ಆರ್ಗ್ಯುಮೆಂಟುಗಳ ಲೆಕ್ಕ ಯಾರ ತಲೆಗೆ?

ಕೇಳುವವರು: ಒಂದು ಫಂಕ್ಷನ್ ಬರೆಯುವಾಗಲೇ ಅದಕ್ಕೆ ಎಷ್ಟು ಆರ್ಗ್ಯುಮೆಂಟು ಬೇಕೆಂದು ಗೊತ್ತಿರುತ್ತದೆ. ವರ್ಗಮೂಲಕ್ಕೆ ಒಂದು ಸಂಖ್ಯೆ ಸಾಕು, ಘಾತಕ್ಕೆ ಎರಡು ಬೇಕು. ಹಾಗಿರುವಾಗ ‘ಎಷ್ಟು ಬಂದರೂ ಸರಿ’ ಎನ್ನುವ ಫಂಕ್ಷನ್ ಯಾಕೆ ಬೇಕಾಯಿತು?

ಹೇಳುವವರು: ಎರಡು ಅಗತ್ಯಗಳಿಂದ. ನೋಡಲು ಒಂದೇ ಥರ ಕಂಡರೂ ಅವು ಬೇರೆ ಬೇರೆ. ಕೆಲವು ಸಂಖ್ಯೆಗಳಲ್ಲಿ ದೊಡ್ಡದನ್ನು ಆರಿಸಬೇಕು ಅನ್ನಿ. ಸಂಖ್ಯೆಗಳು ಮೂರಿರಲಿ, ಮೂವತ್ತಿರಲಿ, ಕೆಲಸ ಅದೇ. ಬರುವವೆಲ್ಲ ಒಂದೇ ಜಾತಿಯವು. ಇದು ಮೊದಲನೆಯ ಅಗತ್ಯ. ಇನ್ನು ಕಿರಾಣಿ ಅಂಗಡಿಯ ಬಿಲ್ಲಿನಲ್ಲಿ ಒಂದು ಸಾಲು ಅಚ್ಚಾಗಬೇಕು ಅನ್ನಿ. ಸಾಮಾನಿನ ಹೆಸರು ಸ್ಟ್ರಿಂಗ್, ಪೊಟ್ಟಣಗಳ ಲೆಕ್ಕ ಪೂರ್ಣಾಂಕ, ದರ ದಶಮಾಂಶ. ಇಲ್ಲಿ ಎಷ್ಟು ಬರುತ್ತವೆ ಎನ್ನುವುದಷ್ಟೇ ಅಲ್ಲ, ಯಾವ ಟೈಪಿನವು ಬರುತ್ತವೆ ಎನ್ನುವುದೂ ಒಂದೊಂದು ಸಲ ಒಂದೊಂದು ರೀತಿ. ಇದು ಎರಡನೆಯ ಅಗತ್ಯ. ಮೊದಲನೆಯದನ್ನು ಬಗೆಹರಿಸುವುದು ಸುಲಭ. ಭಾಷೆಗಳ ಬಣ್ಣ ಬಯಲಾಗುವುದು ಎರಡನೆಯದರಲ್ಲಿ.

ಕೇಳುವವರು: ಒಂದೇ ಜಾತಿಯವಾದರೆ ಎಲ್ಲವನ್ನೂ ಒಂದು ಅರೇಯಲ್ಲಿ ತುಂಬಿ ಕೊಟ್ಟರಾಯಿತಲ್ಲ?

ಹೇಳುವವರು: ಬಹುತೇಕ ಭಾಷೆಗಳು ಕೊನೆಗೆ ಬಂದು ನಿಂತದ್ದು ಅಲ್ಲಿಗೇ. ಆದರೆ ಆ ದಾರಿ ಮೊದಲಿನಿಂದ ಎಲ್ಲೆಡೆ ತೆರೆದಿರಲಿಲ್ಲ. ನಿಕ್ಲಾಸ್ ವಿರ್ತ್ 1970ರಲ್ಲಿ ಪ್ರಕಟಿಸಿದ ಪ್ಯಾಸ್ಕಲ್‌ನಲ್ಲಿ ಅರೇಯ ಉದ್ದವೂ ಅದರ ಟೈಪಿನ ಭಾಗವಾಗಿತ್ತು. ಹತ್ತು ಅಂಶಗಳ ಅರೇಗೆ ಬರೆದ ಪ್ರೊಸೀಜರ್ ಇಪ್ಪತ್ತು ಅಂಶಗಳದ್ದನ್ನು ಒಪ್ಪುತ್ತಿರಲಿಲ್ಲ. ಬ್ರಯಾನ್ ಕರ್ನಿಗನ್ 1981ರಲ್ಲಿ ಪ್ಯಾಸ್ಕಲ್ ಬಗ್ಗೆ ಬರೆದ ಟೀಕೆಯಲ್ಲಿ ಇದು ಮುಖ್ಯ ದೂರು. ಇಷ್ಟಾಗಿಯೂ ಅದೇ ಭಾಷೆಯ ರೈಟ್‌ಎಲ್‌ಎನ್ ಎಷ್ಟು ಮೌಲ್ಯಗಳನ್ನು ಕೊಟ್ಟರೂ, ಯಾವ ಟೈಪಿನವನ್ನು ಬೆರೆಸಿ ಕೊಟ್ಟರೂ ಅಚ್ಚು ಮಾಡುತ್ತಿತ್ತು.

ಕೇಳುವವರು: ಅದು ಹೇಗೆ ಸಾಧ್ಯವಾಯಿತು?

ಹೇಳುವವರು: ಅದು ಹೆಸರಿಗಷ್ಟೇ ಪ್ರೊಸೀಜರ್. ಅದರ ಗುಟ್ಟು ಕಂಪೈಲರ್‌ಗೆ ಗೊತ್ತಿತ್ತು; ಒಂದು ಕರೆಯನ್ನು ಒಳಗೊಳಗೇ ಹಲವು ಕರೆಗಳಾಗಿ ಬಿಡಿಸಿ ಬರೆಯುತ್ತಿತ್ತು. ಭಾಷೆ ಮಾಡಿದವರಿಗಿದ್ದ ಈ ಸವಲತ್ತು ಭಾಷೆ ಬಳಸುವವರಿಗೆ ಇರಲಿಲ್ಲ. ಅಂಥದ್ದೇ ಪ್ರೊಸೀಜರನ್ನು ಪ್ರೋಗ್ರಾಮರ್ ತಾನೇ ಬರೆಯುವಂತಿರಲಿಲ್ಲ. ಫೋರ್ಟ್ರಾನ್‌ನಲ್ಲೂ ಗರಿಷ್ಠ, ಕನಿಷ್ಠ ಹುಡುಕುವ ಅಂತರ್ಗತ ಫಂಕ್ಷನ್‌ಗಳಿಗೆ ಎಷ್ಟಾದರೂ ಕೊಡಬಹುದು, ಸ್ವಂತ ಫಂಕ್ಷನ್‌ಗೆ ಆ ಸೌಲಭ್ಯ ಇಲ್ಲ.

ಕೇಳುವವರು: ಬಳಸುವವರ ಕೈಗೂ ಅದನ್ನು ಕೊಟ್ಟ ಭಾಷೆ ಯಾವುದು?

ಹೇಳುವವರು: ಲಿಸ್ಪ್ ಮನೆತನಕ್ಕೆ ಇದು ಸಹಜವಾಗಿ ಒದಗಿಬಂತು, ಏಕೆಂದರೆ ಅಲ್ಲಿ ಕರೆ ಎನ್ನುವುದೇ ಒಂದು ಪಟ್ಟಿ. (+ 1 2 3) ಎಂದು ಬರೆದರೆ ಮೊದಲ ಅಂಶ ಮಾಡಬೇಕಾದ ಕೆಲಸ, ಮಿಕ್ಕವು ಆರ್ಗ್ಯುಮೆಂಟುಗಳು. ಸ್ಕೀಮ್‌ನಲ್ಲಿ ಪ್ಯಾರಾಮೀಟರುಗಳ ಸಾಲಿನಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಒಂದು ಹೆಸರು ಬರೆದರೆ, ಉಳಿದವೆಲ್ಲ ಆ ಹೆಸರಿನಡಿ ಪಟ್ಟಿಯಾಗಿ ಬರುತ್ತವೆ. ಕಾಮನ್ ಲಿಸ್ಪ್‌ನಲ್ಲಿ ಇದೇ ಕೆಲಸ ‘ರೆಸ್ಟ್’ ಎಂಬ ಗುರುತಿನದು. ಅಪ್ಲೈ ಎಂಬ ಫಂಕ್ಷನ್ ಇದರ ಉಲ್ಟಾ ಕೆಲಸ ಮಾಡುತ್ತದೆ: ಕೈಯಲ್ಲಿರುವ ಪಟ್ಟಿಯನ್ನು ಬಿಡಿಸಿ ಬಿಡಿ ಆರ್ಗ್ಯುಮೆಂಟುಗಳಾಗಿ ಒದಗಿಸುತ್ತದೆ. ಕಟ್ಟುವುದು ಮತ್ತು ಬಿಚ್ಚುವುದು ಎಂಬ ಈ ಜೋಡಿಯನ್ನು ಮುಂದಿನ ಎಷ್ಟೋ ಭಾಷೆಗಳು ತಮ್ಮದೇ ಚಿಹ್ನೆಗಳಲ್ಲಿ ಮತ್ತೆ ಕಂಡುಕೊಂಡವು. ‘ಎಷ್ಟಾದರೂ’ ಎಂಬ ಮಾತಿಗೂ ಒಂದು ಮಿತಿಯಿದೆ. ಕಾಮನ್ ಲಿಸ್ಪ್‌ನ ಮಾನಕ ಆರ್ಗ್ಯುಮೆಂಟುಗಳ ಮೇಲೆ ಮಿತಿ ಹಾಕಲು ಅವಕಾಶ ಕೊಟ್ಟು, ಆ ಮಿತಿ 50ಕ್ಕಿಂತ ಕೆಳಗೆ ಇರಕೂಡದು ಎಂದಷ್ಟೇ ಹೇಳುತ್ತದೆ.

ಕೇಳುವವರು: ಹೆಚ್ಚಿನವರು ಈ ವಿಷಯವನ್ನು ಮೊದಲು ಕಾಣುವುದು ಸಿ ಭಾಷೆಯ ಪ್ರಿಂಟ್‌ಎಫ್‌ನಲ್ಲಿ. ಅದಕ್ಕೆ ಎಷ್ಟು ಬಂದವು ಎಂದು ತಿಳಿಯುವುದು ಹೇಗೆ?

ಹೇಳುವವರು: ತಿಳಿಯುವುದಿಲ್ಲ. ಸಿಯ ವಿಶೇಷವೇ ಅದು. ಕರೆದವರು ಏನು ಇಟ್ಟರೆಂದು ಕರೆಸಿಕೊಂಡ ಫಂಕ್ಷನ್‌ಗೆ ಯಾರೂ ಹೇಳುವುದಿಲ್ಲ. ಹಳೆಯ 32 ಬಿಟ್ ಇಂಟೆಲ್ ಯಂತ್ರಗಳಲ್ಲಿ ರೂಢಿಯಲ್ಲಿದ್ದ ಕ್ರಮ ನೋಡಿ. ಕರೆಯುವವರು ಆರ್ಗ್ಯುಮೆಂಟುಗಳನ್ನು ಬಲದಿಂದ ಎಡಕ್ಕೆ, ಅಂದರೆ ಕೊನೆಯದನ್ನು ಮೊದಲು, ಸ್ಟ್ಯಾಕ್ ಮೇಲೆ ಪೇರಿಸುತ್ತಿದ್ದರು. ಹೀಗಾಗಿ ಮೊದಲನೆಯ ಆರ್ಗ್ಯುಮೆಂಟು ಯಾವಾಗಲೂ ಗೊತ್ತಿರುವ ಜಾಗದಲ್ಲೇ ಸಿಗುತ್ತಿತ್ತು. ಪ್ರಿಂಟ್‌ಎಫ್‌ಗೆ ಆ ಮೊದಲನೆಯದೇ ಫಾರ್ಮ್ಯಾಟ್ ಸ್ಟ್ರಿಂಗ್. ಅದರಲ್ಲಿ %ಡಿ ಕಂಡರೆ ಮುಂದಿನ ಜಾಗದಲ್ಲಿ ಪೂರ್ಣಾಂಕವಿದೆ ಎಂದು ನಂಬಿ ಓದುವುದು, %ಎಸ್ ಕಂಡರೆ ಸ್ಟ್ರಿಂಗಿನ ವಿಳಾಸವಿದೆ ಎಂದು ನಂಬಿ ಓದುವುದು. ಕೆಲಸ ಮುಗಿದ ಮೇಲೆ ಸ್ಟ್ಯಾಕ್ ಖಾಲಿ ಮಾಡುವ ಹೊಣೆಯೂ ಕರೆದವರದ್ದೇ, ಏಕೆಂದರೆ ಎಷ್ಟು ಪೇರಿಸಿದ್ದೆಂದು ಗೊತ್ತಿರುವುದು ಅವರಿಗೆ ಮಾತ್ರ.

ಕೇಳುವವರು: ಫಾರ್ಮ್ಯಾಟ್ ಸ್ಟ್ರಿಂಗ್ ಒಂದು ಹೇಳಿ, ಬಂದದ್ದು ಇನ್ನೊಂದಾದರೆ?

ಹೇಳುವವರು: ಎರಡು %ಡಿ ಬರೆದು 5 ಎಂಬ ಒಂದೇ ಸಂಖ್ಯೆ ಕೊಟ್ಟರೆ, ಸಾಮಾನ್ಯವಾಗಿ ಮೊದಲು 5 ಅಚ್ಚಾಗಿ ಮುಂದೆ ಏನೋ ಕಸ ಅಚ್ಚಾಗುತ್ತದೆ. ಎರಡನೆಯ ಮೌಲ್ಯ ಇರಬೇಕಾಗಿದ್ದ ಜಾಗದಲ್ಲಿ ಆ ಹೊತ್ತಿಗೆ ಏನು ಬಿದ್ದಿತ್ತೋ ಅದು. %ಡಿ ಬರೆದು 3.5 ಕೊಟ್ಟರೆ ಇನ್ನೂ ವಿಚಿತ್ರ. 64 ಬಿಟ್ ಲಿನಕ್ಸ್‌ನಲ್ಲಿ ಪೂರ್ಣಾಂಕಗಳು ಒಂದು ಗುಂಪಿನ ರಿಜಿಸ್ಟರುಗಳಲ್ಲಿ ಬರುತ್ತವೆ, ದಶಮಾಂಶಗಳು ಇನ್ನೊಂದು ಗುಂಪಿನಲ್ಲಿ. 3.5 ಬಂದು ಕೂತಿರುವುದು ಒಂದು ಕಡೆ, ಪ್ರಿಂಟ್‌ಎಫ್ ಹುಡುಕುವುದು ಇನ್ನೊಂದು ಕಡೆ. 3 ಎಂದೋ 4 ಎಂದೋ ಅಲ್ಲ, 3.5ಕ್ಕೆ ಸಂಬಂಧವೇ ಇಲ್ಲದ ಸಂಖ್ಯೆ ಬರುತ್ತದೆ. ಸಿ ಮಾನಕದ ಪ್ರಕಾರ ಇಂಥ ಕರೆಯಿಂದ ಏನು ಬೇಕಾದರೂ ಆಗಬಹುದು.

ಕೇಳುವವರು: ಸ್ವಂತ ಫಂಕ್ಷನ್ ಬರೆಯುವವರಿಗೆ ಸಿ ಏನು ಒದಗಿಸುತ್ತದೆ?

ಹೇಳುವವರು: ಪ್ಯಾರಾಮೀಟರುಗಳ ಕೊನೆಗೆ ಮೂರು ಚುಕ್ಕಿ, ಮತ್ತು ಸ್ಟ್ಯಾಂಡರ್ಡ್ ಲೈಬ್ರರಿಯ ನಾಲ್ಕು ಸಲಕರಣೆ. 1989ರ ಆನ್ಸಿ ಮಾನಕದಲ್ಲಿ ಇದು ಗಟ್ಟಿಯಾಯಿತು. ವಿಎ_ಲಿಸ್ಟ್ ಎಂಬುದು ಎಲ್ಲಿಯವರೆಗೆ ಓದಿದೆವೆಂಬ ಗುರುತು, ವಿಎ_ಸ್ಟಾರ್ಟ್ ಓದಲು ಆರಂಭ, ವಿಎ_ಆರ್ಗ್ ಒಂದೊಂದನ್ನೇ ಎತ್ತಿಕೊಳ್ಳಲು, ವಿಎ_ಎಂಡ್ ಮುಕ್ತಾಯ. ಪ್ರತಿ ಸಲ ಎತ್ತಿಕೊಳ್ಳುವಾಗಲೂ ಟೈಪ್ ಯಾವುದೆಂದು ಪ್ರೋಗ್ರಾಮರೇ ಹೇಳಬೇಕು, ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಅವರೇ ನೋಡಿಕೊಳ್ಳಬೇಕು. ನಿಲ್ಲಿಸಲು ಮೂರು ರೂಢಿಗಳಿವೆ: ಪ್ರಿಂಟ್‌ಎಫ್‌ನಂತೆ ವಿವರವನ್ನು ಮೊದಲ ಆರ್ಗ್ಯುಮೆಂಟಿನಲ್ಲೇ ಬರೆದಿಡುವುದು, ಎಷ್ಟೆಂಬ ಸಂಖ್ಯೆಯನ್ನು ಮೊದಲೇ ಕೊಡುವುದು, ಇಲ್ಲವೇ ಯೂನಿಕ್ಸ್‌ನ ಎಕ್ಸೆಕ್‌ಎಲ್‌ನಂತೆ ಸಾಲಿನ ಕೊನೆಗೆ ನಲ್ ಪಾಯಿಂಟರ್ ಇಟ್ಟು ‘ಇಲ್ಲಿಗೆ ಮುಗಿಯಿತು’ ಎನ್ನುವುದು. ಆ ಕೊನೆಯ ಗುರುತನ್ನು ಮರೆತರೆ ಫಂಕ್ಷನ್ ಓದುತ್ತಲೇ ಹೋಗುತ್ತದೆ.

ಕೇಳುವವರು: ಇದರಿಂದ ಆಗುವುದು ತಪ್ಪು ಫಲಿತಾಂಶ ಮಾತ್ರವೇ?

ಹೇಳುವವರು: ಭದ್ರತೆಗೂ ಕುತ್ತು ಬಂದಿತ್ತು. ಬಳಕೆದಾರ ಟೈಪ್ ಮಾಡಿದ ಸಾಲನ್ನು ಅಚ್ಚು ಮಾಡಲು ಅದನ್ನೇ ನೇರವಾಗಿ ಫಾರ್ಮ್ಯಾಟ್ ಸ್ಟ್ರಿಂಗಾಗಿ ಕೊಡುವ ಅಭ್ಯಾಸ ಹಲವರಿಗಿತ್ತು. ಆ ಸಾಲಿನೊಳಗೆ %ಡಿ, %ಎಸ್ ಬರೆದು ಕಳಿಸಿದವರು ಮೆಮೊರಿಯಲ್ಲಿದ್ದದ್ದನ್ನು ಓದಿಕೊಳ್ಳಬಹುದಿತ್ತು. %ಎನ್ ಎಂಬ ಗುರುತು ಓದುವ ಬದಲು ಬರೆಯುತ್ತದೆ: ಈವರೆಗೆ ಎಷ್ಟು ಅಕ್ಷರ ಅಚ್ಚಾಯಿತು ಎಂಬ ಲೆಕ್ಕವನ್ನು ಒಂದು ವಿಳಾಸದಲ್ಲಿ ಇಡುತ್ತದೆ. ವಿಳಾಸವೇ ಬಂದಿಲ್ಲದಾಗ ಯಾವುದೋ ಜಾಗಕ್ಕೆ ಬರೆಯುತ್ತದೆ, ಆ ಜಾಗವನ್ನು ದಾಳಿಕೋರರು ಜಾಣತನದಿಂದ ಆರಿಸಬಲ್ಲರು. 2000ದ ಸುಮಾರಿಗೆ ಈ ಬಗೆಯ ದಾಳಿ ಎಲ್ಲರಿಗೂ ಗೊತ್ತಾಯಿತು. ಇಂದು ಜಿಸಿಸಿಯಂಥ ಕಂಪೈಲರುಗಳು ಫಾರ್ಮ್ಯಾಟ್ ಸ್ಟ್ರಿಂಗನ್ನು ತಾವೇ ಓದಿ, ಹಿಂದೆ ಬಂದಿರುವ ಆರ್ಗ್ಯುಮೆಂಟುಗಳ ಜೊತೆ ತಾಳೆ ನೋಡಿ ಎಚ್ಚರಿಸುತ್ತವೆ. ಆದರೆ ಅದು ಕಂಪೈಲರ್ ತೋರುವ ಕಾಳಜಿ, ಭಾಷೆ ವಿಧಿಸುವ ನಿಯಮವಲ್ಲ.

ಕೇಳುವವರು: ಮುಂದೆ ಬಂದ ಭಾಷೆಗಳು ಎಣಿಸುವ ಹೊಣೆಯನ್ನು ಯಾರಿಗೆ ಒಪ್ಪಿಸಿದವು?

ಹೇಳುವವರು: ಟೈಪ್ ಬಗ್ಗೆ ಬಿಗಿಯಾಗಿರುವ ಜಾವಾ, ಸಿ ಶಾರ್ಪ್, ಗೋದಂಥವು ಕಂಪೈಲರ್‌ಗೆ ಒಪ್ಪಿಸಿದವು. ಜಾವಾದಲ್ಲಿ ಈ ಸೌಲಭ್ಯ ಬಂದದ್ದು 2004ರ ಐದನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಕರೆಯುವವರೇ ಆಬ್ಜೆಕ್ಟ್ ಅರೇ ಕಟ್ಟಿ ಕೊಡಬೇಕಿತ್ತು. ಐದನೆಯ ಆವೃತ್ತಿಯ ನಂತರ ಪ್ಯಾರಾಮೀಟರಿನ ಟೈಪಿನ ನಂತರ ಮೂರು ಚುಕ್ಕಿ ಹಾಕಿದರೆ, ಬಿಡಿಬಿಡಿಯಾಗಿ ಬರೆದದ್ದನ್ನು ಕಂಪೈಲರೇ ಅರೇಯಾಗಿ ಕಟ್ಟುತ್ತದೆ. ಅರೇಗೆ ತನ್ನ ಉದ್ದ ಗೊತ್ತು, ಅಂಶಗಳ ಟೈಪೂ ಗೊತ್ತು. ಸಿಯಲ್ಲಿದ್ದ ಊಹೆಯ ಆಟ ಅಲ್ಲಿಗೆ ಮುಗಿಯಿತು. ಚುಕ್ಕಿ ಹಾಕಿದ ಪ್ಯಾರಾಮೀಟರ್ ಒಂದೇ ಇರಬೇಕು, ಅದೂ ಸಾಲಿನ ಕೊನೆಯಲ್ಲಿರಬೇಕು. ಸಿ ಶಾರ್ಪ್ ‘ಪ್ಯಾರಮ್ಸ್’ ಎಂಬ ಪದದಿಂದ ಇದನ್ನೇ ತನ್ನ ಮೊದಲ ಆವೃತ್ತಿಯಿಂದ ಮಾಡುತ್ತಿದೆ.

ಕೇಳುವವರು: ಅಂದರೆ ಮೊದಲು ಕೇಳಿದ ಪ್ರಶ್ನೆಗೆ ಇದೇ ಉತ್ತರ: ಅರೇಯನ್ನೇ ಕೊಟ್ಟ ಹಾಗೆ, ಕಟ್ಟುವ ಶ್ರಮ ಮಾತ್ರ ಕಂಪೈಲರಿನದು.

ಹೇಳುವವರು: ಹೌದು. ಆ ವೇಷದ ಹಿಂದೆ ಅರೇ ಇದೆ ಎಂಬುದು ಮರೆತಾಗಲೇ ತೊಂದರೆ. ಜಾವಾದ ಅರೇಸ್ ಕ್ಲಾಸಿನ ಆಸ್‌ಲಿಸ್ಟ್ ಮೆಥಡ್‌ಗೆ ಮೂರು ಪೂರ್ಣಾಂಕಗಳನ್ನು ಬಿಡಿಯಾಗಿ ಕೊಟ್ಟರೆ ಮೂರು ಅಂಶಗಳ ಲಿಸ್ಟ್ ಸಿಗುತ್ತದೆ. ಅವೇ ಮೂರನ್ನು ‘ಇಂಟ್’ ಅರೇಯಾಗಿ ಕೊಟ್ಟರೆ ಒಂದೇ ಅಂಶದ ಲಿಸ್ಟ್ ಸಿಗುತ್ತದೆ, ಆ ಅಂಶ ಇಡೀ ಅರೇ. ಇಂಟ್ ಎನ್ನುವುದು ಆಬ್ಜೆಕ್ಟ್ ಅಲ್ಲ, ಇಂಟ್ ಅರೇ ಆಬ್ಜೆಕ್ಟ್. ಗೊಂದಲದ ಮೂಲ ಅಲ್ಲಿದೆ. ನಲ್ ಒಂದನ್ನೇ ಕೊಟ್ಟಾಗಲೂ ಅನುಮಾನ ಹುಟ್ಟುತ್ತದೆ: ಒಳಗೆ ನಲ್ ಇರುವ ಅರೇಯೋ, ಅರೇಯೇ ನಲ್ಲೋ? ಜಾವಾ ಎರಡನೆಯದೆಂದು ತಿಳಿಯುತ್ತದೆ, ಕಂಪೈಲರ್ ಎಚ್ಚರಿಕೆಯನ್ನೂ ಕೊಡುತ್ತದೆ. ಇನ್ನು ಪ್ರತಿ ಕರೆಗೂ ಒಂದು ಅರೇ ಹುಟ್ಟಬೇಕಾದ ಖರ್ಚು ಇದ್ದೇ ಇದೆ. 2017ರ ಜಾವಾ 9ರಲ್ಲಿ ಬಂದ ಲಿಸ್ಟ್ ಡಾಟ್ ಆಫ್ ಮೆಥಡ್‌ಗೆ ಸೊನ್ನೆಯಿಂದ ಹತ್ತರವರೆಗೆ ಒಂದೊಂದು ಸಂಖ್ಯೆಗೂ ಪ್ರತ್ಯೇಕ ರೂಪ ಬರೆದಿಟ್ಟು, ಅದಕ್ಕೂ ಮೀರಿದವಕ್ಕೆ ಮಾತ್ರ ಮೂರು ಚುಕ್ಕಿ ಬಳಸಿದ್ದು ಈ ಖರ್ಚು ಉಳಿಸಲೆಂದೇ. 2024ರ ಸಿ ಶಾರ್ಪ್ 13 ಅರೇಯ ಬದಲು ಸ್ಪ್ಯಾನ್ ಮತ್ತು ಇತರ ಸಂಗ್ರಹಗಳಿಗೂ ಪ್ಯಾರಮ್ಸ್ ಅನುಮತಿಸಿತು.

ಕೇಳುವವರು: ಗೋ ಭಾಷೆಯಲ್ಲೂ ಹೀಗೆಯೇ?

ಹೇಳುವವರು: ಅಲ್ಲಿ ಅರೇಯ ಜಾಗದಲ್ಲಿ ಸ್ಲೈಸ್. ಕೈಯಲ್ಲಿ ಸ್ಲೈಸ್ ಇದ್ದರೆ ಅದರ ನಂತರ ಮೂರು ಚುಕ್ಕಿ ಬರೆದು ಹಾಗೆಯೇ ದಾಟಿಸಬಹುದು. ಆಗ ಹೊಸ ನಕಲು ಹುಟ್ಟುವುದಿಲ್ಲ. ಫಂಕ್ಷನ್ ಒಳಗೆ ಒಂದು ಅಂಶ ಬದಲಿಸಿದರೆ ಕರೆದವರ ಸ್ಲೈಸ್‌ನಲ್ಲೂ ಅದು ಬದಲಾಗುತ್ತದೆ. ಕೋಟ್ಲಿನ್ ಇದೇ ಸಂದರ್ಭದಲ್ಲಿ ಅರೇಯ ನಕಲು ಮಾಡಿಕೊಳ್ಳುತ್ತದೆ. ಸ್ವಲ್ಪ ಖರ್ಚಾದರೂ ಕರೆದವರ ಮಾಲು ಸುರಕ್ಷಿತ. ಸ್ವಿಫ್ಟ್ ಎಣಿಕೆಯಿಲ್ಲದ ಪ್ಯಾರಾಮೀಟರ್ ಒಪ್ಪಿದರೂ ಅದಕ್ಕೆ ಅರೇಯನ್ನು ಬಿಚ್ಚಿ ಕೊಡುವ ದಾರಿಯನ್ನೇ ಇಟ್ಟಿಲ್ಲ.

ಕೇಳುವವರು: ಟೈಪ್ ವಿಷಯದಲ್ಲಿ ಸಡಿಲವಾಗಿರುವ ಭಾಷೆಗಳಿಗೆ ಈ ತಲೆನೋವು ಇರಬಾರದಲ್ಲವೇ?

ಹೇಳುವವರು: ಪ್ರತಿ ಮೌಲ್ಯವೂ ತನ್ನ ಟೈಪನ್ನು ತಾನೇ ಹೊತ್ತು ತಿರುಗುವುದರಿಂದ ಎರಡನೆಯ ಅಗತ್ಯ ಅಲ್ಲಿ ತಾನಾಗಿ ಈಡೇರುತ್ತದೆ. ಉಳಿಯುವುದು ಕಟ್ಟುವ ಬಿಚ್ಚುವ ಕೆಲಸ. ಪೈಥಾನ್ ಇದಕ್ಕೆ * ಚಿಹ್ನೆ ಬಳಸುತ್ತದೆ. ಫಂಕ್ಷನ್ ಬರೆಯುವಾಗ ಪ್ಯಾರಾಮೀಟರಿನ ಹೆಸರಿಗೆ ಮೊದಲು ಒಂದು * ಇಟ್ಟರೆ ಮಿಕ್ಕವೆಲ್ಲ ಟ್ಯೂಪಲ್ ಆಗಿ ಸೇರುತ್ತವೆ. ಕರೆಯುವಾಗ ಇಟ್ಟರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಎರಡು * ಇಟ್ಟರೆ ಹೆಸರು ಹಿಡಿದು ಕೊಟ್ಟ ಆರ್ಗ್ಯುಮೆಂಟುಗಳು ಡಿಕ್ಷನರಿಯಾಗಿ ಸೇರುತ್ತವೆ. 2008ರ ಪೈಥಾನ್ 3ರಲ್ಲಿ ಪ್ರಿಂಟ್ ಎನ್ನುವುದು ಸ್ಟೇಟ್‌ಮೆಂಟ್ ಆಗಿದ್ದದ್ದು ಫಂಕ್ಷನ್ ಆಯಿತು. ಎಷ್ಟು ಮೌಲ್ಯ ಕೊಟ್ಟರೂ ಅಚ್ಚು ಮಾಡುತ್ತದೆ, ನಡುವೆ ಏನಿರಬೇಕೆಂಬುದನ್ನು ಹೆಸರು ಹಿಡಿದು ಹೇಳಬಹುದು. ಪ್ಯಾಸ್ಕಲ್‌ನ ರೈಟ್‌ಎಲ್‌ಎನ್‌ಗಿದ್ದ ಸವಲತ್ತು ಇಲ್ಲಿ ಎಲ್ಲರ ಕೈಗೂ ಸಿಕ್ಕಿತು. ಒಂದೇ ಕರೆಯಲ್ಲಿ 255ಕ್ಕಿಂತ ಹೆಚ್ಚು ಆರ್ಗ್ಯುಮೆಂಟು ಬರೆಯಬಾರದೆಂಬ ಮಿತಿ ಪೈಥಾನ್ 3.7ರಲ್ಲಿ ಹೋಯಿತು.

ಕೇಳುವವರು: ಜಾವಾಸ್ಕ್ರಿಪ್ಟ್?

ಹೇಳುವವರು: ಅಲ್ಲಿ ಪ್ರತಿ ಫಂಕ್ಷನ್ನೂ ‘ಎಷ್ಟು ಬಂದರೂ ಸರಿ’ ಎನ್ನುವಂಥದ್ದೇ. ಎರಡು ಪ್ಯಾರಾಮೀಟರ್ ಇರುವ ಫಂಕ್ಷನ್‌ಗೆ ಐದು ಕೊಟ್ಟರೂ ದೂರಿಲ್ಲ, ಒಂದು ಕೊಟ್ಟರೂ ದೂರಿಲ್ಲ. ಬಂದವನ್ನೆಲ್ಲ ‘ಆರ್ಗ್ಯುಮೆಂಟ್ಸ್’ ಎಂಬ ವಸ್ತುವಿನಲ್ಲಿ ಕಾಣಬಹುದಿತ್ತು. ಆದರೆ ಅದು ಅರೇಯಂತೆ ಕಾಣುವ, ಅರೇಯಲ್ಲದ ವಸ್ತು. ಅರೇಯ ಮೆಥಡ್‌ಗಳನ್ನು ಅದರ ಮೇಲೆ ಬಳಸಲು ಸುತ್ತು ದಾರಿ ಹಿಡಿಯಬೇಕಿತ್ತು. 2015ರ ಆವೃತ್ತಿ ಮೂರು ಚುಕ್ಕಿಯನ್ನು ತಂದು, ಕಟ್ಟಲು ಬಿಚ್ಚಲು ಎರಡಕ್ಕೂ ಅದನ್ನೇ ಬಳಸಿತು. ಈ ಉದಾರತನ ಎಲ್ಲಿ ಕೈಕೊಡುತ್ತದೆ ಎನ್ನುವುದಕ್ಕೆ ಪ್ರಸಿದ್ಧ ಉದಾಹರಣೆ ಇದೆ. ‘1’, ‘2’, ‘3’ ಎಂಬ ಸ್ಟ್ರಿಂಗುಗಳ ಅರೇಯನ್ನು ಸಂಖ್ಯೆಗಳಾಗಿ ಮಾಡಲು ಮ್ಯಾಪ್‌ಗೆ ಪಾರ್ಸ್‌ಇಂಟ್ ಕೊಟ್ಟರೆ, ಮೊದಲನೆಯದು 1 ಆಗಿ ಉಳಿದೆರಡು ‘ಸಂಖ್ಯೆಯಲ್ಲ’ ಎಂದು ಬರುತ್ತವೆ. ಮ್ಯಾಪ್ ಪ್ರತಿ ಸಲವೂ ಮೂರು ಆರ್ಗ್ಯುಮೆಂಟು ಕೊಡುತ್ತದೆ: ಅಂಶ, ಅದರ ಸ್ಥಾನ, ಇಡೀ ಅರೇ. ಪಾರ್ಸ್‌ಇಂಟ್ ಎರಡನೆಯದನ್ನು ಸಂಖ್ಯಾಪದ್ಧತಿಯ ಆಧಾರವೆಂದು ಓದುತ್ತದೆ. ಸ್ಥಾನ 0 ಆದಾಗ ಅದನ್ನು ಲೆಕ್ಕಕ್ಕೆ ಹಿಡಿಯದೆ ದಶಮಾನದಲ್ಲೇ ಓದುತ್ತದೆ. ಆಧಾರ 1 ಎಂಬುದು ಇಲ್ಲ. ಆಧಾರ 2ರಲ್ಲಿ 3 ಎಂಬ ಅಂಕಿಯೇ ಇಲ್ಲ. ಯಾರೂ ಎಣಿಸದೆ ಹೋದದ್ದರ ಫಲ.

ಕೇಳುವವರು: ಕಟ್ಟಿದ್ದನ್ನು ಬಿಚ್ಚುವಾಗ ಎಡವಟ್ಟಾಗುವುದೂ ಉಂಟೇ?

ಹೇಳುವವರು: ಉಂಟು. ಪರ್ಲ್‌ನಲ್ಲಿ ಎಲ್ಲ ಆರ್ಗ್ಯುಮೆಂಟುಗಳೂ @_ ಎಂಬ ಒಂದೇ ಸಾಲಿಗೆ ಹರಿದುಬರುತ್ತವೆ. ಎರಡು ಅರೇಗಳನ್ನು ನೇರವಾಗಿ ಕೊಟ್ಟರೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಒಳಗಿನವರಿಗೆ ಗೊತ್ತಾಗುವುದಿಲ್ಲ. ಲುವಾದಲ್ಲಿ ನಡುವೆ ನಿಲ್ ಬಂದರೆ ಟೇಬಲ್‌ನ ಉದ್ದ ನಂಬಲು ಬರುವುದಿಲ್ಲ. ಅದಕ್ಕೆಂದೇ ಸೆಲೆಕ್ಟ್ ಫಂಕ್ಷನ್‌ಗೆ # ಗುರುತು ಕೊಟ್ಟು ನಿಜವಾದ ಲೆಕ್ಕ ಕೇಳಬೇಕು. ಯೂನಿಕ್ಸ್ ಶೆಲ್‌ನಲ್ಲಂತೂ ಇದು ದಿನನಿತ್ಯದ ಮಾತು. ‘ಮದುವೆ ಫೋಟೋ’ ಎಂದು ನಡುವೆ ಜಾಗ ಬಿಟ್ಟು ಹೆಸರಿಟ್ಟ ಫೈಲನ್ನು ಒಂದು ಸ್ಕ್ರಿಪ್ಟ್‌ಗೆ ಕೊಟ್ಟು, ಅದರೊಳಗೆ $@ ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ, ಮುಂದಿನ ಕಮ್ಯಾಂಡ್‌ಗೆ ‘ಮದುವೆ’ ಒಂದು, ‘ಫೋಟೋ’ ಇನ್ನೊಂದು ಎಂದು ಎರಡು ಹೆಸರು ತಲುಪುತ್ತವೆ. ಅಳಿಸುವ ಕಮ್ಯಾಂಡ್ ಆಗಿದ್ದರೆ ಅಳಿಯಬೇಕಾದದ್ದು ಉಳಿದು, ಆ ಬಿಡಿ ಹೆಸರಿನ ಬೇರೆ ಫೈಲ್ ಅಳಿದುಹೋಗಬಹುದು. "$@" ಎಂದು ಚಿಹ್ನೆಯೊಳಗೆ ಬರೆದರೆ ಪ್ರತಿ ಆರ್ಗ್ಯುಮೆಂಟೂ ಬಂದ ಹಾಗೆಯೇ ದಾಟುತ್ತದೆ.

ಕೇಳುವವರು: ಬೇರೆ ಬೇರೆ ಟೈಪಿನವು ಬರಬೇಕು, ತಪ್ಪಿದ್ದರೆ ಕಂಪೈಲ್ ಮಾಡುವಾಗಲೇ ಸಿಕ್ಕಿಬೀಳಬೇಕು. ಎರಡನ್ನೂ ಒಟ್ಟಿಗೆ ಸಾಧಿಸಿದವರಿಲ್ಲವೇ?

ಹೇಳುವವರು: ಜಾವಾ, ಗೋ ಎರಡೂ ಇಲ್ಲಿ ಅರ್ಧಕ್ಕೆ ನಿಲ್ಲುತ್ತವೆ. ಅವುಗಳ ಪ್ರಿಂಟ್‌ಎಫ್ ‘ಯಾವ ಟೈಪಾದರೂ ಸರಿ’ ಎಂಬ ಅರೇಯನ್ನು ತೆಗೆದುಕೊಳ್ಳುತ್ತದೆ, ಹೊಂದಾಣಿಕೆ ತಪ್ಪಿದ್ದು ತಿಳಿಯುವುದು ಓಡುವಾಗ. ಜಾವಾ ಆಗ ಎಕ್ಸೆಪ್ಷನ್ ಎಸೆಯುತ್ತದೆ, ಗೋ ದೋಷದ ಗುರುತನ್ನು ಅಚ್ಚಾಗುವ ಸಾಲಿನೊಳಗೇ ತೋರಿಸುತ್ತದೆ. ಸಿಯಂತೆ ಮೆಮೊರಿ ಕೆದಕುವುದಿಲ್ಲ ಎನ್ನುವುದೇ ಸಮಾಧಾನ. ಪೂರ್ತಿ ಸಾಧಿಸಿದವರು ಮೂರು ದಾರಿ ಹಿಡಿದರು. ಸಿ++ನದು ಟೆಂಪ್ಲೇಟ್ ದಾರಿ. ಸಿ++11ರಲ್ಲಿ ಬಂದ ಎಣಿಕೆಯಿಲ್ಲದ ಟೆಂಪ್ಲೇಟುಗಳಲ್ಲಿ ಆರ್ಗ್ಯುಮೆಂಟುಗಳು ಅರೇಯಾಗುವುದಿಲ್ಲ. ಪ್ರತಿಯೊಂದೂ ತನ್ನ ಟೈಪ್ ಉಳಿಸಿಕೊಂಡು ಒಂದು ‘ಪ್ಯಾಕ್’ ಆಗುತ್ತದೆ. ಯಾವ ಟೈಪುಗಳ ಯಾವ ಸಾಲಿಗೆ ಕರೆ ಬಂದಿದೆಯೋ ಅದಕ್ಕೆ ಹೊಂದುವ ಫಂಕ್ಷನನ್ನು ಕಂಪೈಲರ್ ಅಲ್ಲೇ ಹೊಲಿದು ಕೊಡುತ್ತದೆ. ಸಿ++20ರ ಫಾರ್ಮ್ಯಾಟ್ ಲೈಬ್ರರಿ ಈ ಬುನಾದಿಯ ಮೇಲೆ ನಿಂತು ಫಾರ್ಮ್ಯಾಟ್ ಸ್ಟ್ರಿಂಗನ್ನು ಕಂಪೈಲ್ ಹಂತದಲ್ಲೇ ಪರೀಕ್ಷಿಸುತ್ತದೆ.

ಕೇಳುವವರು: ಉಳಿದ ಎರಡು?

ಹೇಳುವವರು: ರಸ್ಟ್‌ನಲ್ಲಿ ಸಾಮಾನ್ಯ ಫಂಕ್ಷನ್‌ಗಳಿಗೆ ಈ ಸೌಲಭ್ಯವೇ ಇಲ್ಲ. ಅಚ್ಚು ಮಾಡುವ ಪ್ರಿಂಟ್‌ಎಲ್‌ಎನ್ ಫಂಕ್ಷನ್ ಅಲ್ಲ, ಮ್ಯಾಕ್ರೋ, ಹೆಸರಿನ ಕೊನೆಯ ‘!’ ಚಿಹ್ನೆ ಅದನ್ನೇ ಹೇಳುತ್ತದೆ. ಮ್ಯಾಕ್ರೋ ಬಿಡಿಸುವ ಹೊತ್ತಿಗೆ ಎಲ್ಲವೂ ಎಣಿಕೆಯಾಗಿರುತ್ತದೆ. ಎರಡು ಜಾಗ ಬಿಟ್ಟು ಒಂದೇ ಮೌಲ್ಯ ಕೊಟ್ಟರೆ ಪ್ರೋಗ್ರಾಂ ಕಂಪೈಲೇ ಆಗುವುದಿಲ್ಲ. ಓಕ್ಯಾಮಲ್‌ನದು ಮೂರನೆಯ ದಾರಿ. ಅಲ್ಲಿ ಫಾರ್ಮ್ಯಾಟ್ ಸ್ಟ್ರಿಂಗನ್ನು ಕಂಪೈಲರ್ ಬರಿಯ ಸ್ಟ್ರಿಂಗಾಗಿ ಓದದೆ, ಅದರಿಂದ ಒಂದು ಟೈಪ್ ಕಂಡುಹಿಡಿಯುತ್ತದೆ. %ಡಿ ಇದ್ದರೆ ‘ಇನ್ನೊಂದು ಪೂರ್ಣಾಂಕ ಬೇಕು’ ಎಂಬ ಫಂಕ್ಷನ್ ಟೈಪ್ ಹುಟ್ಟುತ್ತದೆ. ಸಿಯಲ್ಲಿ ಬರಿಯ ನಂಬಿಕೆಯಾಗಿದ್ದದ್ದು ಇಲ್ಲಿ ಕರಾರಾಯಿತು. ಈ ಸಾಲಿಗೆ ತಡವಾಗಿ ಬಂದದ್ದು ಸ್ವಿಫ್ಟ್: 2023ರ 5.9 ಆವೃತ್ತಿಯಲ್ಲಿ ಅದಕ್ಕೂ ಟೈಪುಗಳ ಪ್ಯಾಕ್ ದೊರೆಯಿತು. ಅಲ್ಲಿಯವರೆಗೆ ಆ್ಯಪ್‌ನ ಪರದೆ ಕಟ್ಟುವ ಸ್ವಿಫ್ಟ್‌ಯುಐ ಲೈಬ್ರರಿಯಲ್ಲಿ ಒಂದು ಗುಂಪಿನೊಳಗೆ ನೇರವಾಗಿ ಹತ್ತಕ್ಕಿಂತ ಹೆಚ್ಚು ವ್ಯೂಗಳನ್ನು ಇಡಲಾಗುತ್ತಿರಲಿಲ್ಲ. ಎರಡರಿಂದ ಹತ್ತರವರೆಗೆ ಒಂದೊಂದಕ್ಕೂ ಬೇರೆ ಬೇರೆ ರೂಪ ಬರೆದಿಟ್ಟಿದ್ದರು, ಹನ್ನೊಂದಕ್ಕೆ ಬರೆದಿರಲಿಲ್ಲ, ಅಷ್ಟೇ.

ಕೇಳುವವರು: ‘ಎಷ್ಟಾದರೂ’ ಎಂದರೆ ಸೊನ್ನೆಯೂ ಸೇರಿತಲ್ಲವೇ? ಏನೂ ಕೊಡದೆ ಕರೆದರೆ?

ಹೇಳುವವರು: ಒಂದು ವಿನ್ಯಾಸ ಎಷ್ಟು ಯೋಚಿಸಿ ಮಾಡಿದ್ದು ಎಂದು ತಿಳಿಯುವುದು ಅಲ್ಲೇ. ಸ್ಕೀಮ್‌ನಲ್ಲಿ (+) ಎಂದರೆ 0, (*) ಎಂದರೆ 1: ಕೂಡಲು ಏನೂ ಇಲ್ಲದಾಗ ಮೊತ್ತ ಸೊನ್ನೆ, ಗುಣಿಸಲು ಏನೂ ಇಲ್ಲದಾಗ ಗುಣಲಬ್ಧ ಒಂದು. ಗರಿಷ್ಠಕ್ಕೆ ಇಂಥ ಉತ್ತರ ಸುಲಭವಲ್ಲ. ಜಾವಾಸ್ಕ್ರಿಪ್ಟ್ ಋಣ ಅನಂತ ಕೊಡುತ್ತದೆ, ಪೈಥಾನ್ ದೋಷವೆನ್ನುತ್ತದೆ. ಪ್ಯಾಕ್‌ನ ಅಂಶಗಳನ್ನೆಲ್ಲ ಒಂದೇ ಚಿಹ್ನೆಯಿಂದ ಜೋಡಿಸುವ ಸಿ++17ರ ಫೋಲ್ಡ್‌ನಲ್ಲಿ ಖಾಲಿ ಪ್ಯಾಕ್‌ಗೆ ತಾರ್ಕಿಕ ‘ಮತ್ತು’ ಹಾಕಿದರೆ ಸತ್ಯ, ‘ಅಥವಾ’ ಹಾಕಿದರೆ ಮಿಥ್ಯ, + ಹಾಕಿದರೆ ಕಂಪೈಲೇ ಆಗುವುದಿಲ್ಲ, ಏಕೆಂದರೆ ಯಾವ ಟೈಪಿನ ಸೊನ್ನೆ ಎಂದು ಹೇಳುವವರಿಲ್ಲ. ಸಿ ಭಾಷೆ ಚುಕ್ಕಿಗಳ ಮೊದಲು ಹೆಸರಿರುವ ಪ್ಯಾರಾಮೀಟರ್ ಒಂದಾದರೂ ಇರಲೇಬೇಕೆಂದು ದಶಕಗಳ ಕಾಲ ಪಟ್ಟು ಹಿಡಿದು, ಸಿ23ರಲ್ಲಿ ಅದನ್ನು ಸಡಿಲಿಸಿತು. ಕನಿಷ್ಠ ಒಂದಾದರೂ ಬೇಕೆನ್ನುವ ಫಂಕ್ಷನ್‌ಗೆ ಜಾವಾದಲ್ಲಿ ಒಳ್ಳೆಯ ರೂಢಿಯೊಂದಿದೆ: ಮೊದಲನೆಯದನ್ನು ಸಾಮಾನ್ಯ ಪ್ಯಾರಾಮೀಟರಾಗಿ ಇಟ್ಟು, ಉಳಿದವಕ್ಕೆ ಮಾತ್ರ ಚುಕ್ಕಿ ಹಾಕುವುದು. ಖಾಲಿ ಕರೆ ಬಂದರೆ ಕಂಪೈಲರೇ ತಡೆಯುತ್ತದೆ.

ಕೇಳುವವರು: ಕೊನೆಗೆ, ಯಾವಾಗ ಇದನ್ನು ಬಳಸಬೇಕು, ಯಾವಾಗ ಬರಿಯ ಪಟ್ಟಿ ಸಾಕು?

ಹೇಳುವವರು: ಕರೆಯುವ ಜಾಗದಲ್ಲಿ ಮೌಲ್ಯಗಳನ್ನು ಕೈಯಿಂದ ಒಂದೊಂದಾಗಿ ಬರೆಯುವುದಾದರೆ ಇದು ಓದಲು ಹಿತ. ಮೌಲ್ಯಗಳು ಫೈಲಿನಿಂದಲೋ ಡೇಟಾಬೇಸಿನಿಂದಲೋ ಬಂದು ಆಗಲೇ ಪಟ್ಟಿಯಾಗಿದ್ದರೆ, ಪಟ್ಟಿಯನ್ನೇ ತೆಗೆದುಕೊಳ್ಳುವ ಫಂಕ್ಷನ್ ಸಾಕು. ಬಿಚ್ಚಿ ಮತ್ತೆ ಕಟ್ಟುವುದು ವ್ಯರ್ಥ. ದೊಡ್ಡ ಅರೇಯನ್ನು ಬಿಚ್ಚಿ ಕೊಟ್ಟಾಗ ಜಾವಾಸ್ಕ್ರಿಪ್ಟ್ ಎಂಜಿನ್‌ಗಳು ಸ್ಟ್ಯಾಕ್ ತುಂಬಿತೆಂದು ದೋಷ ಎಸೆಯುವುದೂ ಉಂಟು. ಬೇರೆ ಬೇರೆ ಟೈಪುಗಳು ಬೆರೆತು ಬರುವಲ್ಲಿ ಮಾತ್ರ ಭಾಷೆ ಯಾವುದೆಂದು ಮೊದಲು ನೋಡಬೇಕು. ಲೆಕ್ಕ ಎಲ್ಲ ಕಡೆಯೂ ನಡೆಯಲೇಬೇಕು: ಸಿಯಲ್ಲಿ ಅದು ಬರೆಯುವವರ ತಲೆಗೆ, ಪೈಥಾನ್‌ನಲ್ಲಿ ಓಡುವ ಹೊತ್ತಿಗೆ, ರಸ್ಟ್, ಓಕ್ಯಾಮಲ್, ಸಿ++ ಟೆಂಪ್ಲೇಟುಗಳಲ್ಲಿ ಕಂಪೈಲರ್‌ಗೆ.